ಡ್ರೈವರ್‌ನ ಪಾಲು

ಕುಡಿಯದವನು ಎಂಬ ಒಂದೇ ಕಾರಣಕ್ಕೆ ತನ್ನನ್ನು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋಗುತ್ತಾರಂತೆ ಎಂದು ಗಂಡ ಕೊಸ್ಮಸ್ ಬಂದು ಹೇಳಿದಾಗ ಕ್ಲೊಟಿಲ್ಡಾ ಬಂಗುಡೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ, "ಇನ್ನೊಮ್ಮೆ ಹೇಳು" ಎಂದಳು.

ಅವನು ಇನ್ನೊಮ್ಮೆ ಹೇಳಿದ. ಅವನ ಧಣಿ ಸರ್ವೋತ್ತಮರಿಗೆ ಅರವತ್ತು ತುಂಬುತ್ತಿತ್ತು. ಬಹರೇನಿನ ಟುಬ್ಲಿಯಲ್ಲಿ ಹೋಟೆಲ್ ಅಡುಗೆಮನೆಗಳಿಗೆ ಸ್ಟೀಲಿನ ಕಟ್ಟೆ, ಒಲೆ, ಹೊಗೆಗೂಡು ಮಾಡಿಕೊಡುವ ವರ್ಕ್‌ಶಾಪ್ ಅವರದು. ಕೊಸ್ಮಸ್ ಅಲ್ಲಿ ಡ್ರೈವರ್. ವಿಸ್ಕಿ ಹುಟ್ಟುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಸರ್ವೋತ್ತಮರ ಬಹುದಿನದ ಆಸೆ. ಐವರು ಗೆಳೆಯರೂ ಹೊರಟಿದ್ದರು. ಸಣ್ಣ ಗುಂಪುಗಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಒಂದೇ ದಿನದಲ್ಲಿ ಮೂರು ಡಿಸ್ಟಿಲರಿ ತೋರಿಸುವ ಕಂಪನಿಗಳು ಅಲ್ಲಿ ಬೇಕಾದಷ್ಟಿದ್ದವು. ಆದರೆ ಸರ್ವೋತ್ತಮರಿಗೆ ಅದು ಒಪ್ಪಿಗೆಯಾಗಲಿಲ್ಲ.

"ಆ ಗೈಡ್‌ಗಳು ಶಾಲೆ ಮಕ್ಕಳನ್ನು ಎಬ್ಬಿಸಿದ ಹಾಗೆ ಎಬ್ಬಿಸ್ತಾರೆ ಮಾರಾಯ," ಎಂದಿದ್ದರಂತೆ. "ನಾವೇ ಒಂದು ವ್ಯಾನ್ ತಗೊಳ್ಳುವ. ಅಲ್ಲಿಯೂ ಊರಿನ ಹಾಗೆ ಎಡಬದಿಯಲ್ಲೇ ಓಡಿಸುವುದು. ನಿನಗೆ ಕಷ್ಟ ಇಲ್ಲ. ನೀನು ಅದನ್ನು ಮುಟ್ಟುವ ಜನವೂ ಅಲ್ಲ."

ಮುಟ್ಟುವ ಜನವಲ್ಲ ಎಂದು ಸರ್ವೋತ್ತಮರು ನಂಬಿದ್ದರಲ್ಲಿ ತಪ್ಪೇನಿರಲಿಲ್ಲ. ಅವರ ಬಳಿ ಕೆಲಸಕ್ಕೆ ಸೇರುವಾಗಲೇ ಕೊಸ್ಮಸ್ ಕುಡಿತ ಬಿಟ್ಟಾಗಿತ್ತು. ಪಾರ್ಟಿಗಳಲ್ಲಿ ಅವನು ಸೋಡಾ ಹಿಡಿದು ನಿಲ್ಲುವುದನ್ನು ನೋಡಿ, ಯಾವುದೋ ಹರಕೆ ಇರಬೇಕು ಎಂದುಕೊಂಡವರು ಮತ್ತೆ ಕೇಳಿರಲಿಲ್ಲ. ಇವನೂ ಹೇಳಿರಲಿಲ್ಲ.

ಹೇಳುವ ಕತೆಯೂ ಅದಾಗಿರಲಿಲ್ಲ. ರಜೆಯಲ್ಲಿ ಊರಿಗೆ ಹೋಗಿದ್ದಾಗ, ಕ್ಲೊಟಿಲ್ಡಾಳ ತಂಗಿಯ ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ, ವಧುವಿಗೆ ಎಣ್ಣೆ ತೆಂಗಿನಹಾಲು ಹಚ್ಚಿ ಎಲ್ಲರೂ ಹಾಡುತ್ತಿರುವಾಗ, ಕೊಸ್ಮಸ್ ಕುಡಿದ ಮತ್ತಿನಲ್ಲೇ ಯಾರದೋ ಕಾರು ತೆಗೆದುಕೊಂಡು ಐಸ್ ತರಲು ಹೊರಟಿದ್ದ. ಮಗಳು ಆನ್ಸಿ ತಾನೂ ಬರುತ್ತೇನೆಂದು ಹತ್ತಿಕೊಂಡಿದ್ದಳು. ಕಾರು ಮೋರಿಗೆ ಬಡಿಯಿತು. ಮಗುವಿನ ಹೆಗಲ ಮೂಳೆ ಮುರಿದಿತ್ತು. ಕ್ಲೊಟಿಲ್ಡಾ ಓಡಿಹೋಗಿ ನೋಡಿದಾಗ ಅವನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ, ಮಗಳ ಅಳು ಕಿವಿಗೆ ಬೀಳದವನ ಹಾಗೆ. ಆಮೇಲೆ ಬಹರೇನಿಗೆ ಮರಳಿ, ಹೋಟೆಲೊಂದರ ಲಾಂಡ್ರಿ ನೋಡಿಕೊಳ್ಳುವ ಕ್ಲೆಮೆಂಟ್ ಎಂಬ ಹಿರಿಯರ ಕೈ ಹಿಡಿದು, ಕುಡಿತ ಬಿಟ್ಟವರ ಕೂಟಕ್ಕೆ ಶುಕ್ರವಾರ ಶುಕ್ರವಾರ ಹೋಗಿ, ಬಿದ್ದು ಎದ್ದು ಅವನು ಮನುಷ್ಯನಾಗಿದ್ದ.

"ಸರ್ವೋತ್ತಮರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು," ಎಂದಳು ಕ್ಲೊಟಿಲ್ಡಾ.

"ಎಂತ ಹೇಳುವುದು? ಸರ್, ನಾನು ಕುಡುಕ, ನನ್ನ ಕೈಗೆ ಕೀಲಿ ಕೊಡ್ಬೇಡಿ ಅಂತಲಾ? ನನ್ನ ಕೆಲಸವೇ ಕೀಲಿಯದ್ದು ಕ್ಲೊಟಿ. ವೀಸಾ ಅವರ ಕೈಯಲ್ಲುಂಟು."

"ಹಾಗಾದ್ರೆ ಬೆನ್ನುನೋವು ಅಂತ ಹೇಳು."

"ಬೆನ್ನುನೋವಿನ ಡ್ರೈವರ್ ಯಾರಿಗೆ ಬೇಕು?" ಎಂದ ಅವನು. ಸ್ವಲ್ಪ ತಡೆದು, "ನಾನು ವ್ಯಾನಿನಿಂದ ಇಳಿಯುವುದೇ ಇಲ್ಲ, ಆಯ್ತಾ? ಒಂದೊಂದು ಕಡೆ ಮುಗಿದ ಹಾಗೆ ನಿನಗೆ ಫೋನ್ ಮಾಡ್ತೇನೆ" ಎಂದು ಅವಳ ಒದ್ದೆ ಕೈ ಹಿಡಿದುಕೊಂಡ.

ಅವರು ಸುತ್ತಾಟಕ್ಕೆ ಹೊರಟ ಶನಿವಾರ ಕ್ಲೊಟಿಲ್ಡಾಳಿಗೆ ಡ್ಯೂಟಿ ಇತ್ತು. ಹಮದ್ ಟೌನ್‌ನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಅವಳು ನರ್ಸ್. ಮನೆಯಿಂದ ಎರಡು ರೌಂಡ್‌ಅಬೌಟ್ ದಾಟಿದರೆ ಕ್ಲಿನಿಕ್. ಹೊರಗೆ ಧೂಳು ಎದ್ದು ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಮ್ಮುವವರು, ಉಬ್ಬಸದವರು ಬೆಳಗ್ಗಿನಿಂದ ಸಾಲಾಗಿ ಬರುತ್ತಿದ್ದರು. ಅವಳು ಫೋನನ್ನು ಸಮವಸ್ತ್ರದ ಕಿಸೆಯಲ್ಲಿಟ್ಟುಕೊಂಡು ಮಾಸ್ಕ್ ಕಟ್ಟುತ್ತಿದ್ದಳು, ಬಿಚ್ಚುತ್ತಿದ್ದಳು.

ಮೊದಲ ಕರೆ ಹೇಳಿದಂತೆ ಬಂತು.

"ಒಳಗೆ ಹೋಗಲೇಬೇಕಾಯ್ತು," ಎಂದ ಕೊಸ್ಮಸ್. ಸ್ವರ ಗಟ್ಟಿಯಾಗಿಯೇ ಇತ್ತು. "ಸರ್ ನನಗೂ ಟಿಕೆಟ್ ತೆಗೆದಿದ್ರು. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ. ಬಾವಿಯಷ್ಟು ದೊಡ್ಡ ಮರದ ಬಾನಿ ಕ್ಲೊಟಿ, ಒಳಗೆ ಬಾರ್ಲಿ ನೀರು ನೊರೆ ಬಂದು ಕುದಿಯುವ ಹಾಗೆ ಕಾಣ್ತದೆ. ದೋಸೆ ಹಿಟ್ಟು ಹುಳಿ ಬಂದ ವಾಸನೆ. ಅಷ್ಟೇ. ನನಗೆ ಎಂತದೂ ಆಗ್ಲಿಲ್ಲ."

"ಆಮೇಲೆ?"

"ಆಮೇಲೆ ಎಲ್ಲರಿಗೂ ಗ್ಲಾಸಲ್ಲಿ ರುಚಿ ನೋಡ್ಲಿಕ್ಕೆ ಕೊಟ್ರು. ಡ್ರೈವರ್‌ಗೆ ಅಲ್ಲಿ ಕುಡಿಸುವುದಿಲ್ಲ. ಅವನ ಪಾಲನ್ನು ಸಣ್ಣ ಬಾಟ್ಲಿಗೆ ಹಾಕಿ ಕೊಡ್ತಾರೆ, ರೂಮಿಗೆ ಹೋಗಿ ಕುಡಿಯಲಿ ಅಂತ."

"ಅದು ಈಗ ಎಲ್ಲುಂಟು?"

"ಜಾಕೆಟಿನ ಕಿಸೆಯಲ್ಲಿ."

"ಬಿಸಾಡು."

"ಎಲ್ಲರೆದುರೇ ಕೊಟ್ಟದ್ದು. ನಿಮಗೇ ಇರ್ಲಿ ಅಂತ ಸರ್ ಕೈಗೆ ಕೊಟ್ರೆ, ಬಹರೇನಲ್ಲಿ ಯಾರಿಗಾದ್ರೂ ಕೊಡು ಅಂತ ವಾಪಸ್ ನನ್ನ ಕಿಸೆಗೇ ಹಾಕಿದ್ರು."

"ಸಿಂಕಿಗೆ ಚೆಲ್ಲಿಬಿಡು ಹಾಗಾದ್ರೆ."

"ಚೆಲ್ಲಬೇಕಾದ್ರೆ ಮುಚ್ಚಳ ತೆಗೀಬೇಕಲ್ಲ," ಎಂದ.

ಒಳಗಿನಿಂದ ಡಾಕ್ಟರು ಕರೆದರು. ಜಾಗ್ರತೆ ಎಂದಷ್ಟೇ ಹೇಳಿ ಅವಳು ಫೋನಿಟ್ಟಳು.

ಎರಡನೆಯ ಕರೆ ಬಂದಾಗ ಕ್ಲೊಟಿಲ್ಡಾ ಒಬ್ಬ ಬಹರೇನಿ ಅಜ್ಜಿಗೆ ಹಬೆಯ ಮಾಸ್ಕ್ ಹಾಕಿ ಪಕ್ಕದಲ್ಲಿ ಕೂತಿದ್ದಳು. ಈ ಸಲ ಸ್ವರ ಬೇರೆಯೇ ಆಗಿತ್ತು. ಬಾಗಿಲು ಹಾಕಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವವನ ಸ್ವರ.

"ಟಾಯ್ಲೆಟ್ಟಲ್ಲಿದ್ದೇನೆ ಕ್ಲೊಟಿ. ಪೀಪಾಯಿ ಇಡುವ ಗೋಡೌನಿಗೆ ಕರ್ಕೊಂಡು ಹೋದ್ರು. ಕತ್ತಲೆ, ತಂಪು. ಅಲ್ಲಿ ಗಾಳಿಯೇ ವಿಸ್ಕಿ. ಉಸಿರು ಎಳೆದ್ರೆ ಗಂಟಲಲ್ಲಿ ಇಳೀತದೆ. ನಾನು ಉಸಿರು ಬಿಗಿಹಿಡಿದು ಎಷ್ಟು ಹೊತ್ತು ನಿಲ್ಲುವುದು? ಬಾಟ್ಲಿ ಎರಡಾಯ್ತು. ನಡೆಯುವಾಗ ಒಂದಕ್ಕೊಂದು ತಾಗಿ ಶಬ್ದ ಮಾಡ್ತದೆ."

"ಕೊಸ್ಮಾ, ಹೊರಗೆ ಬಾ. ಅಲ್ಲಿಂದ ಹೊರಗೆ ಬಾ ನೀನು."

"ಏನಾದ್ರೂ ಮಾತಾಡು ನೀನು. ಏನಾದ್ರೂ."

ಏನು ಮಾತಾಡುವುದು? ಧೂಳು ಎದ್ದಿದೆ ಎಂದಳು. ನಿನ್ನೆ ತಂದ ಬಂಗುಡೆಯಲ್ಲಿ ಅರ್ಧ ಫ್ರೀಜರಿನಲ್ಲಿಟ್ಟಿದ್ದೇನೆ, ನೀನು ಬಂದ ಮೇಲೆ ಪುಳಿಮುಂಚಿ ಮಾಡ್ತೇನೆ ಎಂದಳು. ಆನ್ಸಿ ಫಿಸಿಕ್ಸ್ ಟೀಚರ್ ಬಗ್ಗೆ ದೂರುತ್ತಿದ್ದುದನ್ನು ಹೇಳಿದಳು. ಮಾತು ಮುಗಿದುಹೋಯಿತು. ಆಗ 'ನಮಾನ್ ಮರಿಯೆ' ಎಂದು ಪ್ರಾರ್ಥನೆ ಶುರು ಮಾಡಿದಳು. ಅತ್ತ ಅವನೂ ಸಣ್ಣ ದನಿಯಲ್ಲಿ ಸೇರಿಕೊಂಡ. ಎರಡನೆಯ ಸಲ ಹೇಳುವಾಗ ನಡುವೆ ಯಾರೋ ಬಾಗಿಲು ಬಡಿದರು. ಫೋನು ಕಡಿಯಿತು.

ಮಾಸ್ಕಿನೊಳಗಿನಿಂದ ಅಜ್ಜಿ ಅವಳ ಮುಖ ನೋಡಿ, "ಶ್‌ಫೀಚ್ ಬಿಂತಿ?" ಎಂದು ಕೇಳಿದಳು. ಏನಾಯಿತು ಮಗಳೇ ಎಂಬ ಆ ಒಂದು ಪ್ರಶ್ನೆಗೇ ಕ್ಲೊಟಿಲ್ಡಾಳ ಕಣ್ಣು ತುಂಬಿಬಂತು. ಏನಿಲ್ಲ ಎಂದು ತಲೆಯಾಡಿಸಿದಳು.

ಆಮೇಲೆ ಅವನು ಫೋನ್ ತೆಗೆಯಲಿಲ್ಲ. ಡ್ರೈವ್ ಮಾಡುತ್ತಿರಬಹುದು ಎಂದುಕೊಂಡಳು. ಕಾದಳು. ಮತ್ತೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಬೆಟ್ಟದ ನಡುವಿನ ಸಣ್ಣ ದಾರಿ, ಕುಡಿದು ನಿದ್ದೆ ಹೋದ ಆರು ಗಂಡಸರು, ಅವರೆಲ್ಲರ ಜೀವ ಹಿಡಿದುಕೊಂಡ ಅವನೊಬ್ಬನ ಕೈ. ಮೋರಿಗೆ ಬಡಿದ ಕಾರಿನೊಳಗಿಂದ ಆನ್ಸಿಯನ್ನು ಎತ್ತಿದ್ದು ನೆನಪಾಗಿ, ಔಷಧಿ ತುಂಬುತ್ತಿದ್ದ ಸಿರಿಂಜನ್ನು ಕೆಳಗಿಟ್ಟಳು. ಇನ್ನೊಬ್ಬ ನರ್ಸನ್ನು ತನ್ನ ಜಾಗಕ್ಕೆ ನಿಲ್ಲಿಸಿ ಹಿಂದಿನ ಮೆಟ್ಟಿಲಿಗೆ ಬಂದು ಕ್ಲೆಮೆಂಟರಿಗೆ ಫೋನ್ ಮಾಡಿದಳು.

ಕ್ಲೆಮೆಂಟ್ ಎಲ್ಲ ಕೇಳಿದರು. "ನನಗೂ ಹೇಳದೆ ಹೋಗಿದ್ದಾನಲ್ಲ," ಎಂದು ನೊಂದುಕೊಂಡರು. "ನೋಡು ಮಗಳೇ, ಅವನು ಕುಡಿದಿದ್ದಾನೋ ಇಲ್ಲವೋ ದೇವರಿಗೇ ಗೊತ್ತು. ಆದ್ರೆ ಕೆಲಸ ಹೋದ್ರೆ ಇನ್ನೊಂದು ಸಿಗ್ತದೆ."

"ಧಣಿಗೆ ಹೇಳಿದ್ರೆ ಅವನು ನನ್ನನ್ನು ಕ್ಷಮಿಸ್ಲಿಕ್ಕಿಲ್ಲ ಅಂಕಲ್."

"ಇಲ್ಲದಿರಬಹುದು," ಎಂದರು ಅವರು.

ಅವಳು ಸರ್ವೋತ್ತಮರ ನಂಬರ್ ಒತ್ತಿದಳು.

"ಹಲೋ, ಕ್ಲೊಟಿಲ್ಡಾ ಅವ್ರೇ!" ಅವರ ಹಿಂದೆ ನಗು, ಗ್ಲಾಸಿನ ಸದ್ದು. "ಮೂರನೆಯದ್ದಕ್ಕೆ ಬಂದು ಕೂತೆವು. ಸ್ವರ್ಗ ಅಂದ್ರೆ ಇದೇ ನೋಡಿ!"

"ಸರ್, ಇವರು ಎಲ್ಲಿದ್ದಾರೆ?"

"ಕೊಸ್ಮಸಾ? ತಲೆನೋವು ಅಂತ ಒಳಗೆ ಬರ್ಲಿಲ್ಲ. ವ್ಯಾನಲ್ಲಿರ್ಬೇಕು."

"ಸರ್, ಅವರ ಕೈಯಿಂದ ಕೀಲಿ ತಗೊಳ್ಳಿ."

"ಎಂತ?"

"ಅವರು ಕುಡೀತಿದ್ರು ಸರ್. ಮೊದಲು. ತುಂಬಾ. ಬಿಟ್ಟು ವರ್ಷಗಳಾಯ್ತು. ಇವತ್ತು ತಡ್ಕೊಳ್ಳಿಕ್ಕೆ ಆಗ್ತಾ ಇಲ್ಲ, ಫೋನ್ ತೆಗೀತಿಲ್ಲ. ನಿಮ್ಮ ಕಾಲಿಗೆ ಬೀಳ್ತೇನೆ, ಅವರಿಗೆ ಓಡಿಸ್ಲಿಕ್ಕೆ ಕೊಡ್ಬೇಡಿ."

ಅತ್ತ ನಗು ದೂರವಾಯಿತು. ಸರ್ವೋತ್ತಮರು ಫೋನ್ ಇಡಲಿಲ್ಲ. ಜಲ್ಲಿಕಲ್ಲಿನ ಮೇಲೆ ನಡೆಯುವ ಹೆಜ್ಜೆ, ಅವರ ಏದುಸಿರು, ಆಮೇಲೆ ವ್ಯಾನಿನ ಬಾಗಿಲು ಸರಿದ ಶಬ್ದ, ಎಲ್ಲವೂ ಧೂಳಿನ ಮೆಟ್ಟಿಲ ಮೇಲೆ ಕೂತ ಅವಳ ಕಿವಿಯೊಳಗೇ ಆದವು.

"ಕೊಸ್ಮಸ್, ಕೀಲಿ ಕೊಡು."

"ಹೊರಡುವುದಾ ಸರ್?"

"ಕೀಲಿ ಕೊಡು ಅಂದೆ. ಬಾಯಿ ತೆರೆ. ಉಸಿರು ಬಿಡು."

"ಯಾರು ಹೇಳಿದ್ದು ಸರ್?" ಎಂದ ಕೊಸ್ಮಸ್. ಮತ್ತೆ, ತೀರ ಸಣ್ಣದಾಗಿ, "ಕ್ಲೊಟಿಯಾ?"

ಕೀಲಿಗೊಂಚಲು ಕೈ ಬದಲಾಯಿಸಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ವಾಸನೆ ಬರುವುದಿಲ್ಲ," ಎಂದು ಸರ್ವೋತ್ತಮರು ಫೋನಿಗೆ ಬಂದರು. ಸ್ವರದಲ್ಲಿ ಸಿಟ್ಟೋ ಸಂಕಟವೋ ತಿಳಿಯಲಿಲ್ಲ. "ಆದ್ರೆ ನನ್ನ ಬಾಯಿಯೇ ನಾರ್ತಾ ಉಂಟು, ನನಗೆ ಎಂತ ಗೊತ್ತಾಗ್ತದೆ? ಟ್ಯಾಕ್ಸಿ ಮಾಡ್ತೇವೆ. ಇದನ್ನು ನೀವು ಬಹರೇನಲ್ಲೇ ಹೇಳ್ಬೇಕಿತ್ತು ಅಮ್ಮಾ."

ಆ ದಿನ ಸಂಜೆ ಆನ್ಸಿ ಎದುರಿಗೆ ಚಹಾ ತಂದಿಟ್ಟದ್ದು ಹಾಗೆಯೇ ತಣ್ಣಗಾಯಿತು. ಕೊಸ್ಮಸ್‌ನ ಕರೆ ಬಂದಾಗ, ಹಲೋ ಎನ್ನುವ ಮೊದಲೇ ಕ್ಲೊಟಿಲ್ಡಾಳಿಗೆ ಗೊತ್ತಾಯಿತು. ಆ ಎಳೆದು ಎಳೆದು ಬರುವ ಉಸಿರನ್ನು ಅವಳು ಮರೆತಿರಲಿಲ್ಲ.

"ಕುಡಿದೆ ಕ್ಲೊಟಿ," ಎಂದ. "ಎರಡೂ. ರೂಮಿನ ಬಾತ್ರೂಮಲ್ಲಿ ಕೂತು. ಟ್ಯಾಕ್ಸಿಯಲ್ಲಿ ಯಾರೂ ನನ್ನ ಹತ್ರ ಒಂದು ಮಾತಾಡ್ಲಿಲ್ಲ. ಸುಮ್ನೆ ಹಿಂದೆ ಕೂರಿಸಿದ್ರು, ಸಾಮಾನಿನ ಹಾಗೆ."

"ಕೊಸ್ಮಾ..."

"ಕೆಮ್ಮಿನ ಔಷಧಿಯಷ್ಟೂ ಇರ್ಲಿಲ್ಲ. ಕೆಳಗೆ ಬಾರುಂಟು. ಹೋಗ್ತೇನೆ ಈಗ."

"ಹೋಗ್ಬೇಡ. ನನ್ನಾಣೆ ಹೋಗ್ಬೇಡ."

"ಹೋಗದೆ ಇರುವುದು ಯಾರಿಗಾಗಿ? ನೀನು ಹೇಳಿ ಆಯ್ತಲ್ಲ, ಇವನು ಕುಡುಕ ಅಂತ."

ಆನ್ಸಿ ತಾಯಿಯ ಕೈಯಿಂದ ಫೋನ್ ಕಿತ್ತುಕೊಂಡಳು. "ಡ್ಯಾಡಾ, ಪ್ಲೀಸ್. ಡೋರ್ ಲಾಕ್ ಮಾಡಿ ಮಲ್ಕೊಳ್ಳಿ. ಪ್ಲೀಸ್ ಡ್ಯಾಡಾ." ಅತ್ತಲಿಂದ ಅಳುವಿನಂಥದ್ದೇನೋ ಕೇಳಿತು. ಆಮೇಲೆ ಸ್ವಿಚ್ ಆಫ್. ತಾಯಿ ಮಗಳು ಒಂದೇ ಮಂಚದಲ್ಲಿ ಮಲಗಿದರು. ನಿದ್ದೆ ಇಬ್ಬರಿಗೂ ಬರಲಿಲ್ಲ, ಬಂದಂತೆ ಇಬ್ಬರೂ ನಟಿಸಿದರು.

ಮಂಗಳವಾರ ಅವಳೇ ಕಾರು ತೆಗೆದುಕೊಂಡು ಏರ್‌ಪೋರ್ಟಿಗೆ ಹೋದಳು. ಸರ್ವೋತ್ತಮರು ಗೆಳೆಯರೊಡನೆ ಹೊರಬಂದು ಅವಳನ್ನು ಕಂಡು ನಿಂತರು. "ಅವನು ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳಲಿ," ಎಂದರು. "ಕೀಲಿ ಮಾತ್ರ ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ವೀಸಾ ಮುಗಿಯುವಾಗ ನೋಡುವ." ಕೈ ಮುಗಿಯುವುದೋ ಬೇಡವೋ ಎಂಬಂತೆ ಅರ್ಧ ಎತ್ತಿ ಹೋದರು.

ಕೊಸ್ಮಸ್ ಎಲ್ಲರಿಗಿಂತ ಕೊನೆಗೆ ಬಂದ. ಗಡ್ಡ ಬೆಳೆದಿತ್ತು. ಅವಳ ಮುಖ ನೋಡದೆ ಪಕ್ಕದ ಸೀಟಿನಲ್ಲಿ ಕೂತ. ಸೀಫ್‌ನ ಎತ್ತರದ ಕಟ್ಟಡಗಳು ಹಿಂದೆ ಸರಿದವು.

"ಬಾರಿಗೂ ಹೋದೆ," ಎಂದ ಅವನು ಕಡೆಗೆ. "ಮರುದಿನವೂ ಹೋದೆ. ನಿನ್ನೆ ಹೋಗ್ಲಿಲ್ಲ."

ಅವಳು ಹೂಂ ಎಂದಳು. ಎಷ್ಟೋ ಹೊತ್ತಿನಿಂದ ಎದೆಯಲ್ಲಿ ಚುಚ್ಚುತ್ತಿದ್ದುದನ್ನು ಕೇಳಿಯೇಬಿಟ್ಟಳು: "ಅಂದು ನಾನು ಫೋನ್ ಮಾಡದಿದ್ರೆ ನೀನು ಕುಡೀತಿರ್ಲಿಲ್ವಾ?"

ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. "ಸರ್ ಬಾಗಿಲು ತೆಗೆಯುವ ಮೊದಲು ಒಂದರ ಮುಚ್ಚಳ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ದೆ. ಬರೀ ಮೂಸ್ತಾ ಇದ್ದೆ. ಅವರು ಬರುವಾಗ ಮುಚ್ಚಿ ಕಿಸೆಗೆ ಹಾಕಿದೆ. ಕುಡೀತಿದ್ದೆನೋ, ಚೆಲ್ತಿದ್ದೆನೋ... ನನಗೇ ಗೊತ್ತಿಲ್ಲ ಕ್ಲೊಟಿ. ನಿನ್ನ ಮೇಲೆ ಸಿಟ್ಟು ಉಂಟು. ಅದು ಎಲ್ಲಿಗೆ ಹೋಗ್ತದೆ ಅಂತಲೂ ಗೊತ್ತಿಲ್ಲ."

"ಇರ್ಲಿ," ಎಂದಳು ಅವಳು. ಪುನಃ ಹಾಗೇ ಆದರೆ ಪುನಃ ಫೋನ್ ಮಾಡುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು, ಅದನ್ನು ಹೇಳಲಿಲ್ಲ.

ಶುಕ್ರವಾರ ಪೂಜೆ ಮುಗಿದ ಮೇಲೆ ಅವನು ತಾನಾಗಿಯೇ ಕೂಟ ನಡೆಯುವ, ಚರ್ಚಿನ ಹಿಂಬದಿಯ ಕೋಣೆಯತ್ತ ಹೊರಟ. ಅವಳು ಸ್ವಲ್ಪ ದೂರದವರೆಗೆ ಜೊತೆಗೆ ಹೋಗಿ ನಿಂತಳು. ತೆರೆದ ಬಾಗಿಲಿನಿಂದ ಪ್ಲಾಸ್ಟಿಕ್ ಕುರ್ಚಿಗಳು, ಅವನ್ನು ಸರಿಸಿಡುತ್ತಿದ್ದ ಕ್ಲೆಮೆಂಟ್ ಕಾಣುತ್ತಿದ್ದರು. ಹೊಸಬರು ಯಾರಾದರೂ ಇದ್ದರೆ ಎದ್ದು ನಿಲ್ಲಬಹುದು ಎಂದು ಒಳಗೆ ಯಾರೋ ಹೇಳಿದರು. ಇಷ್ಟು ವರ್ಷ ಆ ಕೋಣೆಯಲ್ಲಿ ಹೊಸಬರ ಹೆಗಲ ಮೇಲೆ ಕೈಯಿಟ್ಟು ಧೈರ್ಯ ಹೇಳುತ್ತಿದ್ದ ಕೊಸ್ಮಸ್, ಎದುರಿನ ಕುರ್ಚಿಯನ್ನು ಹಿಡಿದುಕೊಂಡು ಎದ್ದು ನಿಂತ.

ಕಾಯಬೇಕೆಂದೂ ಅವನು ಹೇಳಿರಲಿಲ್ಲ, ಹೋಗೆಂದೂ ಹೇಳಿರಲಿಲ್ಲ. ಕ್ಲೊಟಿಲ್ಡಾ ಅಂಗಳದ ನೆರಳಿನಲ್ಲಿ ಒಂದು ಕಟ್ಟೆ ಹುಡುಕಿ ಕೂತಳು.