ತೊಡೆಯ ಮೇಲಿನ ದಿಂಬು

ಇಪ್ಪತ್ತು ವರ್ಷ ಅಕ್ಕನ ಪಕ್ಕದಲ್ಲಿ ಕೂತು ಶಾಸ್ತ್ರೀಯ ಸಂಗೀತ ಹಾಡಿದವಳು ಈಗ ಹುಡುಗರ ಬ್ಯಾಂಡಿಗೆ ಹಾಡಲು ಸ್ಟುಡಿಯೋಗೆ ಬಂದಿದ್ದಳು. "ಎರಡೇ ದಿನಕ್ಕೆ ಬಾಲ ಮುದುರ್ಕೊಂಡು ವಾಪಸ್ ಬರ್ತೀಯ" ಎಂದು ಅಕ್ಕ ಹೇಳಿಯೇ ಕಳಿಸಿದ್ದಳು. ಮೊದಲ ದಿನವೇ ಹಾಗಾಗುವ ಲಕ್ಷಣ ಕಂಡಿತು.

ಹಾಡುವಾಗ ಅವಳ ಬಲಗೈ ತಾನಾಗಿ ತೊಡೆ ತಟ್ಟಿ ತಾಳ ಹಾಕುತ್ತಿತ್ತು. ಆ ಸದ್ದು ಮೈಕಿಗೆ ಬೀಳುತ್ತಿತ್ತು.

"ಮೇಡಮ್, ಕೈ ಸುಮ್ನಿರ್ಲಿ. ತಾಳ ಹೆಡ್‌ಫೋನಲ್ಲೇ ಟಿಕ್ ಟಿಕ್ ಅಂತ ಬರ್ತಿದೆಯಲ್ಲ" ಎಂದ ರೆಕಾರ್ಡಿಂಗ್‌ನವನು, ಗಾಜಿನ ಆಚೆಯಿಂದ.

ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಹಾಡಿದಳು. ಹಾಡು ಹೆಣದಂತೆ ಬಿದ್ದುಕೊಂಡಿತು. ಆರು ಸಲ ಹಾಡಿದರೂ ಅಷ್ಟೇ. ಆಚೆಯ ಮೈಕು ಆರಿಸುವುದನ್ನು ಮರೆತು ಗಿಟಾರಿನವನು, "ನಾಳೆ ಬೇರೆ ಯಾರನ್ನಾದ್ರೂ ಕರೆಸೋಣ್ವಾ?" ಎಂದದ್ದು ಹೆಡ್‌ಫೋನಿನಲ್ಲಿ ಅವಳಿಗೆ ಚೆನ್ನಾಗಿಯೇ ಕೇಳಿಸಿತು.

"ನಾನಿನ್ನೂ ಸತ್ತಿಲ್ಲ ಕಣಯ್ಯಾ! ಆ ಸೋಫಾ ದಿಂಬು ತಾ ಇಲ್ಲಿ" ಎಂದು ಗದರಿದಳು. ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ರೆಕಾರ್ಡಿಂಗ್‌ನವನ ಕಡೆ ತಿರುಗಿದಳು. "ನಿನ್ನ ಟಿಕ್ ಟಿಕ್ ನಿಲ್ಲಿಸು. ಹಲ್ಲಿ ಲೊಚಗುಟ್ಟೋದು ಕೇಳ್ಕೊಂಡು ನನ್ ಕೈಲಿ ಹಾಡೋಕಾಗಲ್ಲ."

"ತಾಳ ತಪ್ಪಿದ್ರೆ?" ಎಂದ ಅವನು.

"ತಪ್ಪಿದ್ರೆ ನೀವು ಹೇಳೋದ್ಬೇಡ, ನಾನೇ ಎದ್ದು ಹೋಗ್ತೀನಿ."

ಕಣ್ಣು ಮುಚ್ಚಿ, ದಿಂಬಿಗೆ ಬಾರಿಸುತ್ತ ಹಾಡಿದಳು. ಏಟಿನ ಸದ್ದು ಹತ್ತಿಯೊಳಗೇ ಉಳಿಯಿತು, ಹಾಡು ಎದ್ದು ನಿಂತಿತು. ಮುಗಿದ ಮೇಲೆ ರೆಕಾರ್ಡಿಂಗ್‌ನವನು ಕಂಪ್ಯೂಟರ್ ಪರದೆಯ ಮೇಲಿನ ತಾಳದ ಗೆರೆಗಳನ್ನು ಎರಡೆರಡು ಸಲ ಅಳೆದು ತಲೆ ಕೆರೆದುಕೊಂಡ.

"ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ, ಮೇಡಮ್."

"ಗೊತ್ತು" ಎಂದು ಅವಳು ಒಂದು ಸೀನು ಸೀನಿದಳು. "ಈ ದಿಂಬಲ್ಲಿ ಬರೀ ಧೂಳು. ನಾಳೆ ಮನೆಯಿಂದ ನಂದೇ ತರ್ತೀನಿ."