ಕಳಸದ ದೊರೆಕಾಸು

ಹೊಂಬಾಳಮ್ಮನಿಗೆ ಅನುಮಾನ ಅನ್ನೋದು ಅಡುಗೆಗೆ ಉಪ್ಪಿದ್ದ ಹಾಗೆ, ಇಲ್ಲದಿದ್ದರೆ ಗಂಟಲಲ್ಲಿ ಇಳಿಯದು. ಹಾಲಿನವನ ಅಳತೆ, ಅಂಗಡಿಯವನ ತಕ್ಕಡಿ, ಗಂಡ ಮಾದಯ್ಯನ ಮೌನ, ಯಾವುದನ್ನೂ ಸುಮ್ಮನೆ ಬಿಟ್ಟವಳಲ್ಲ. ಎಲ್ಲಕ್ಕಿಂತ ಹೆಚ್ಚು ಅನುಮಾನ ಓರಗಿತ್ತಿ ರಂಜಿತಳ ಮೇಲೆ. ರಂಜಿತ ಮದುವೆಯಾಗಿ ಪೂರಿಗಾಲಿಗೆ ಬಂದ ವರ್ಷವೇ, ಕಳಸಕ್ಕೆ ಕಟ್ಟುತ್ತಿದ್ದ ಅತ್ತೆಯ ದೊರೆಕಾಸು ಮಾಯವಾಗಿತ್ತು. ಯಾವುದೋ ಪರದೇಶದ ದೊರೆಯ ಮುಖವಿದ್ದ ಚಿನ್ನದ ಕಾಸು. ನೆತ್ತಿಗೆ ತೂತು, ತೂತಿಗೆ ಬೆಳ್ಳಿ ತಂತಿ. ಹೊಸಬಳು ಬಂದಳು, ಕಾಸು ಹೋಯಿತು, ಇನ್ನೇನು ಬೇಕು? ಬಾಯಿಬಿಟ್ಟು ಕಳ್ಳಿ ಎಂದಳು. ಆ ಒಂದು ಮಾತಿಗೆ ಒಲೆ ಎರಡಾಯಿತು, ಮನೆಗೆ ನಡುಗೋಡೆ ಬಂತು. ಅಂದಿನಿಂದ ರಂಜಿತ ಆ ಮನೆಯ ದೇವರಕೋಣೆಗೆ ಕಾಲಿಟ್ಟಿಲ್ಲ.

ಈ ಸಲ ಕಬ್ಬು ತೆಗೆದು ರಾಗಿಗೆಂದು ಉಳುಮೆ ಮಾಡಿಸುವಾಗ, ಮಾದಯ್ಯನ ಪಾಲಿನ ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಹಳದಿಯದೇನೋ ಮಿನುಗಿತು. ಚಿನ್ನದ ಕಾಸು. ಸಂಜೆಯೊಳಗೆ ಸುದ್ದಿ ಬೆಳಕವಾಡಿಯವರೆಗೂ ಹೋಗಿ, ಕಾಸು ಕೊಪ್ಪರಿಗೆಯಾಯಿತು. ಕೊಪ್ಪರಿಗೆಯನ್ನು ಮಾದಯ್ಯ ಬಚ್ಚಿಟ್ಟಿದ್ದಾನೆಂದು ಕೆಲವರು, ಅವನ ತಮ್ಮ, ರಂಜಿತಳ ಗಂಡ ಯತೀಶ ಹೊಡೆದುಕೊಂಡನೆಂದು ಕೆಲವರು. ಮಾದಯ್ಯ ಹೆದರಿ ತಾನೇ ತಾಲ್ಲೂಕು ಕಚೇರಿಗೆ ಹೇಳಿ ಬಂದ.

ಹೊಂಬಾಳಮ್ಮ ಮಾತ್ರ ತೂತು ನೋಡಿಯೇ ಗುರುತು ಹಿಡಿದಿದ್ದಳು. "ನಮ್ಮತ್ತೆ ಕಾಸು ಕಣ್ರೀ ಇದು. ಕದ್ದೋಳಿಗೆ ದಕ್ನಿಲ್ಲ. ನಮ್ ಒಲ್ದಲ್ಲೇ ಊತವ್ಳೆ, ನಮ್ ತಲೆಗೇ ಕಟ್ಟಕ್ಕೆ."

"ಸುಮ್ಕಿರಮ್ಮಿ," ಅಂದ ಮಾದಯ್ಯ.

"ಸುಮ್ಕಿರಕ್ಕೆ ನಾನೇನ್ ಕಲ್ಲಾ? ಆಫೀಸ್ರು ಬರ್ಲಿ, ಎಲ್ಲರ ಮುಂದೇನೇ ಏಳ್ತೀನಿ."

ಹೇಳಿಯೂ ಬಿಟ್ಟಳು. ಪುರಾತತ್ವ ಇಲಾಖೆಯ ದೀಪಿಕ ಎಂಬಾಕೆ ಹೊಲಕ್ಕೆ ಬಂದು ಕಾಸನ್ನು ಅಂಗೈಯಲ್ಲಿಟ್ಟುಕೊಂಡು, ಇದು ರೋಮಿನ ಚಕ್ರವರ್ತಿಯ ಕಾಲದ್ದು, ಎರಡು ಸಾವಿರ ವರ್ಷದಷ್ಟು ಹಳೆಯದು, ಮೆಣಸು ಕೊಳ್ಳಲು ಹಡಗಿನಲ್ಲಿ ಬಂದಂಥದ್ದು, ನಮ್ಮ ಜನ ಇಂಥವಕ್ಕೆ ತೂತು ಕೊರೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದರು ಎಂದು ವಿವರಿಸುತ್ತಿದ್ದಳು. ಬದುವಿನ ಮೇಲೆ ಅರ್ಧ ಊರೇ ನೆರೆದಿತ್ತು. ಹೊಂಬಾಳಮ್ಮ ಓರಗಿತ್ತಿಯತ್ತ ಕೈ ತೋರಿಸಿದಳು.

"ರೋಮಿಂದ ಯಾರ್ ತಂದ್ರೋ ನಂಗೊತ್ತಿಲ್ಲ ಮೇಡಂ. ನಮ್ ಕಳಸದಿಂದ ಇಲ್ಲಿಗೆ ತಂದೋಳು ಇವ್ಳು."

ಯತೀಶ ಮುಂದೆ ನುಗ್ಗಿದ. ರಂಜಿತ ಅವನ ತೋಳು ಹಿಡಿದಳು. "ಮೇಡಂ, ಅಲ್ಲೇ ಇನ್ನೊಸಿ ಮಣ್ಣು ಜರಡಿ ಇಡೀರಿ," ಅಂದಳು. "ನಾನ್ ಊತಿದ್ರೆ ಏನಾರ ಗುರ್ತು ಸಿಗ್ತದೆ."

ಜರಡಿಯಲ್ಲಿ ಕೊಪ್ಪರಿಗೆ ಬರಲಿಲ್ಲ. ಹಳೇ ತಿಪ್ಪೆಗೊಬ್ಬರದ ಜೊತೆ ಬಂದದ್ದು ಒಂದು ಪ್ಲಾಸ್ಟಿಕ್ ಮಲ್ಲಿಗೆ ಹಾರ. ಅದರ ನೈಲಾನ್ ದಾರಕ್ಕೆ ಬೆಳ್ಳಿ ತಂತಿಯ ತುಂಡೊಂದು ಸುತ್ತಿಕೊಂಡಿತ್ತು. ದೀಪಿಕ ಅದರ ಮುರಿದ ತುದಿಯನ್ನು, ಕಾಸಿನ ತೂತಿನಲ್ಲಿ ಉಳಿದಿದ್ದ ತಂತಿಗೆ ಹಿಡಿದು ನೋಡಿದಳು. ಸರಿಯಾಗಿ ಕೂತಿತು.

"ಇದಂತೂ ರೋಮಿಂದ ಬಂದಿಲ್ಲ," ಎಂದು ನಕ್ಕಳು. "ಯಾರದು ಈ ಹಾರ?"

ಹೊಂಬಾಳಮ್ಮನಿಗೆ ಹಾರದ ಗುರುತು ಹತ್ತಿತು. ದಿನಾ ಹೂವಿಗೆ ಯಾಕೆ ಖರ್ಚು ಎಂದು ಮಳವಳ್ಳಿ ಸಂತೆಯಿಂದ ಆ ಹಾರ ತಂದವಳು ತಾನೇ. ರಂಜಿತ ಬಂದ ವರ್ಷ, ಬಣ್ಣ ಮಾಸಿತೆಂದು ಕಳಸದಿಂದ ಸರಕ್ಕನೆ ಕಿತ್ತವಳೂ ತಾನೇ. ದೇವರಿಗೆ ಮುಡಿಸಿದ ಹೂವನ್ನು ನಾಲೆಗೆ ಬಿಡುವುದು ಆ ಮನೆಯ ಪದ್ಧತಿ. ಇದು ಪ್ಲಾಸ್ಟಿಕ್ ತಾನೇ ಎಂದು, ದಾರಕ್ಕೆ ಸಿಕ್ಕಿಬಂದ ಕಾಸನ್ನು ನೋಡದೆ, ತಿಪ್ಪೆಗೆ ಎಸೆದಿದ್ದಳು. ಆ ತಿಪ್ಪೆಯ ಗೊಬ್ಬರವೇ ಈ ಹೊಲಕ್ಕೆ ಬಂದಿತ್ತು. ಊರಲ್ಲಿ ಎಲ್ಲರ ಮೇಲೂ ಕಣ್ಣಿಟ್ಟವಳು ತನ್ನ ಕೈಯನ್ನು ಮಾತ್ರ ನೋಡಿಕೊಂಡಿರಲಿಲ್ಲ.

ಮಾದಯ್ಯನಿಗೂ ಹಾರದ ಗುರುತು ಸಿಕ್ಕಿತು. "ನಿಂದೇ ಅಲ್ವೇನಮ್ಮಿ?" ಅಂದ, ಎಲ್ಲರಿಗೂ ಕೇಳುವಂತೆ.

ಆಕೆ ಹೌದೆಂದು ತಲೆಯಾಡಿಸಿದಳು. ನಾಚಿಕೆಗೆ ಭೂಮಿಗಿಳಿದು ಹೋಗಿದ್ದಳು. ಕಾಸು ಸರ್ಕಾರದ ಪೆಟ್ಟಿಗೆ ಸೇರಿತು. ಮರಳಿ ಬರುತ್ತದೋ ಇಲ್ಲವೋ ಎಂದು ಕೇಳುವ ಬಾಯಿ ಆಕೆಗಿರಲಿಲ್ಲ. ಜನ ಚದುರಿದ ಮೇಲೆ ರಂಜಿತಳ ಹಿಂದೆ ಬದುವಿನ ಮೇಲೆ ನಡೆದಳು.

"ನಾಳೆ ಸುಕ್ರವಾರ ಕಣಮ್ಮ. ಬಾ, ಕಳಸ ನೀನೇ ಕೂರ್ಸು."

ರಂಜಿತ ನಿಂತಳು, ತಿರುಗಲಿಲ್ಲ.

"ಬತ್ತೀನಿ ಬುಡಕ್ಕ. ಕಾಸಂತೂ ಓಯ್ತು. ಇನ್ನು ನಾನ್ ಕದ್ದೆ ಅನ್ನಕ್ಕೆ ಅಲ್ಲೇನೂ ಇಲ್ವಲ್ಲ."