ಹನ್ನೆರಡು ಮನೆಗೆ ಒಂದೇ ಗುಂಡಿ

ಸಹಕಾರ ಸಂಘದ ಮನೆಗಳೆಂದರೆ ಹಾಗೆಯೇ. ಗೋಡೆ ಬೇರೆ, ಬಾಗಿಲು ಬೇರೆ, ಆದರೆ ಎಲ್ಲರ ಹೊಟ್ಟೆಯಿಂದ ಇಳಿದದ್ದು ಕೊನೆಗೆ ಒಂದೇ ಗುಂಡಿಗೆ ಸೇರಬೇಕು. ಊರಾಚೆಯ ದಿಬ್ಬದ ಮೇಲಿನ ಈ ಸಾಲನ್ನು ಇಪ್ಪತ್ತು ವರ್ಷದ ಹಿಂದೆ ಹನ್ನೆರಡು ಸಂಸಾರದವರು ಕಲ್ಲು ಹೊತ್ತು, ಗಾರೆ ಕಲಸಿ, ಒಬ್ಬರ ಮನೆಗೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು ಕಟ್ಟಿಕೊಂಡಿದ್ದರು. ಈಗ ನೋಡಿದರೆ ಒಬ್ಬರ ಮುಖ ಕಂಡರೆ ಒಬ್ಬರಿಗಾಗುವುದಿಲ್ಲ. ಎಲ್ಲರೂ ಒಟ್ಟಾಗುವುದು ಒಂದಕ್ಕೆ ಮಾತ್ರ, ಕೊನೆ ಮನೆಯವಳನ್ನು ಆಡಿಕೊಳ್ಳುವುದಕ್ಕೆ.

ಕೊನೆ ಮನೆಯವಳು ಕೋಳಿ ಫಾರಮ್ಮಿನಲ್ಲಿ ಗೂಡು ತೊಳೆಯುತ್ತಿದ್ದಳು. ಗಂಡ ಸತ್ತು ಮೂರು ವರ್ಷ. ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೋಗುವ ಮಗಳು. ಸಾಲಿನವರು ಅವಳನ್ನು ಕೋಳಿಯಕ್ಕ ಎನ್ನುತ್ತಿದ್ದರು, ಎದುರಿಗೆ ಹಲ್ಲು ಕಿರಿದು, ಬೆನ್ನ ಹಿಂದೆ ಮೂಗು ಹಿಡಿದು. ಅವಳು ಮನೆಮನೆಗೆ ಹಂಚುವ ಒಡಕು ಮೊಟ್ಟೆಯಲ್ಲಿ ಮಾತ್ರ ಯಾರಿಗೂ ಯಾವ ವಾಸನೆಯೂ ಬಡಿಯುತ್ತಿರಲಿಲ್ಲ.

ಈ ವರ್ಷ ಗುಂಡಿಗೆ ಹೋಗುವ ಪೈಪು ಮೂರು ಸಲ ಕಟ್ಟಿಕೊಂಡಿತು. ಮೂರನೇ ಸಲ ಅಧ್ಯಕ್ಷರ ಬಚ್ಚಲಲ್ಲೇ ಉಕ್ಕಿತು. ಅಧ್ಯಕ್ಷರದು ಗೊಬ್ಬರದ ಅಂಗಡಿ. ಜೀವಮಾನವಿಡೀ ಗೊಬ್ಬರ ಮಾರಿ ಉಂಡ ಮನುಷ್ಯ ಸ್ವಂತ ಬಚ್ಚಲಲ್ಲಿ ಅದನ್ನು ಕಂಡು ಸಿಟ್ಟಿನಲ್ಲಿ ಕುಣಿದಾಡಿಬಿಟ್ಟರು.

"ಇದು ಕೊನೆ ಮನೆ ಕೆಲ್ಸಾನೇ," ಎಂದರು. "ಕೋಳಿ ಪುಕ್ಕ, ಮುದುಕಿ ಬಟ್ಟೆ, ಎಲ್ಲಾನೂ ಅದ್ರೊಳಗೇ ತುರುಕ್ತಾಳೆ. ಈ ಸಲ ಸಾಕ್ಷಿ ಸಮೇತ ಹಿಡಿದು ಮನೆ ಖಾಲಿ ಮಾಡ್ಸೋಣ."

ಖಾಲಿಯಾದ ಮನೆಗೆ ಅಧ್ಯಕ್ಷರ ಬಾಮೈದ ಬಂದು ಕೂರುತ್ತಾನೆಂಬುದು ನಾಯಿನರಿಗೂ ಗೊತ್ತಿತ್ತು. ಆದರೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಸಾಕ್ಷಿ ತೆಗೆಯುವ ಕೆಲಸ ನಾಲ್ಕನೇ ಮನೆಯ ಪ್ಲಂಬರನಿಗೆ ಬಿತ್ತು. ಭಾನುವಾರ ಬೆಳಿಗ್ಗೆ ಅವನು ಮುಚ್ಚಳ ಎತ್ತಿ, ಮೂಗಿಗೆ ಟವೆಲ್ ಕಟ್ಟಿಕೊಂಡು, ಎಲ್ಲ ಮನೆಯ ಪೈಪೂ ಸೇರುವ ತಿರುವಿನೊಳಗೆ ತೋಳುದ್ದ ಕೈ ಹಾಕಿದ. ಮೂವತ್ತು ವರ್ಷದ ಕಸುಬು, ಹೇಸಿಗೆ ಎಂಬುದು ಅವನ ಪಾಲಿಗೆ ಎಂದೋ ಸತ್ತಿತ್ತು. ಮೊದಲು ಕೈಗೆ ಬಂದದ್ದು ಸೋಪಿನ ಬಿಲ್ಲೆಯ ಹಾಗೆ ಗಟ್ಟಿಯಾದ ಜಿಡ್ಡು. ಅದರ ಹಿಂದೆ ಹೆಣೆದುಕೊಂಡ ಬಟ್ಟೆಯ ಮುದ್ದೆ. ಎಳೆದ, ಬಕೆಟ್ಟಿಗೆ ಹಾಕಿ ನೀರು ಬಿಟ್ಟ.

ನೀಲಿ ಚೌಕಳಿ. ಅದರಲ್ಲೊಂದು ಜೇಬು, ಜೇಬಿನ ಪಕ್ಕ ಪೆನ್ಸಿಲ್ ಸಿಕ್ಕಿಸುವುದಕ್ಕೆ ಅವನೇ ಕಪ್ಪು ದಾರದಲ್ಲಿ ಒಡ್ಡೊಡ್ಡಾಗಿ ಹೊಲಿದುಕೊಂಡ ಸಣ್ಣ ಪಟ್ಟಿ. ಅವನದೇ ಹಳೇ ಅಂಗಿ. ಹೋದ ವರ್ಷ ಹೆಂಡತಿ ಅದನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿಕೊಂಡಿದ್ದಳು. ಸೊಂಟನೋವೆಂದು ಒರೆಸಿದ ನೀರನ್ನು ಬಗ್ಗಿ ನೋಡದೆ ಕಕ್ಕಸಿಗೇ ಸುರಿಯುತ್ತಿದ್ದಳು, ಜತೆಗೆ ಬಟ್ಟೆಯೂ ಹೋಗಿತ್ತು. ಕೋಳಿಯ ಪುಕ್ಕ ಒಂದೂ ಇರಲಿಲ್ಲ. ಎಂದೋ ಸತ್ತಿತ್ತೆಂದುಕೊಂಡ ಹೇಸಿಗೆ ಆಗ ಎದ್ದು ಕೂತಿತು.

ಬಕೆಟ್ ಮನೆಗೆ ತಂದು ತೋರಿಸಿದಾಗ ಹೆಂಡತಿ, "ದೂರ ಎಲ್ಲಾದ್ರೂ ಹೂತು ಬನ್ನಿ," ಎಂದಳು.

"ಮತ್ತೆ ಆ ಹೆಂಗಸಿನ ಗತಿ?"

"ಅವ್ಳಿಗೇನಾಗುತ್ತೆ? ಒಂದು ಮನೆ ಬೇಡ ಅಂದ್ರೂ ಯಾರನ್ನೂ ಹೊರಗೆ ಹಾಕಂಗಿಲ್ಲ ಅಂತ ನೀವೇ ಸೇರಿ ಬರೆದಿದ್ದ ನಿಯಮ ಅಲ್ವಾ? ಬೇಡ ಅಂತ ಕೈ ಎತ್ತಿ ಬನ್ನಿ, ಮುಗೀತು. ಈ ಗಲೀಜನ್ನ ಊರಿಗೆಲ್ಲ ತೋರಿಸ್ಬೇಕಾ?"

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ನಮ್ಮ ಹೊಲಸು ಅವ್ಳ ತಲೆ ಮೇಲೆ ಯಾಕೆ ಇರ್ಬೇಕು? ಅವ್ಳ ಹೆಸ್ರು ಚೊಕ್ಕ ಆಗ್ಲಿ," ಎಂದ. ಹಾಗೆಂದಾಗ ಅವನಿಗೆ ತನ್ನ ಬಗ್ಗೆ ತುಸು ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಬೇಕು.

ಸಂಜೆ ಸಂಘದ ಕೋಣೆಯಲ್ಲಿ ಸಭೆ. ಮನೆಗೊಬ್ಬರಂತೆ ಹನ್ನೆರಡು ಜನ. ಕೋಳಿಯಕ್ಕ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ಅವಳ ಪಕ್ಕದ ಎರಡು ಕುರ್ಚಿ ಖಾಲಿ. ಪ್ಲಂಬರ್ ಬಕೆಟ್ಟನ್ನು ಮೇಜಿನ ಮುಂದೆ ಇಟ್ಟು, ಕೋಲಿನಿಂದ ಅಂಗಿ ಎತ್ತಿ ಹಿಡಿದ.

"ಸಾಕ್ಷಿ ಕೇಳಿದ್ರಲ್ಲ, ತಗೊಳ್ಳಿ. ಇದು ನನ್ನ ಅಂಗಿ. ಪೈಪ್ ಕಟ್ಟಿದ್ದು ನಮ್ಮ ಮನೆಯಿಂದ. ಈ ಅಕ್ಕಂದು ಏನೂ ತಪ್ಪಿಲ್ಲ."

ಬಯ್ಯುತ್ತಾರೆ, ದಂಡ ಹಾಕುತ್ತಾರೆ ಎಂದು ಅವನು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದ. ಅಧ್ಯಕ್ಷರು ನಕ್ಕುಬಿಟ್ಟರು.

"ಅಯ್ಯೋ, ಅಷ್ಟೇನಾ. ಕೆಳಗಿಡಿ ಮಾರಾಯ್ರೆ. ಕೈ ಜಾರಿ ಬಿದ್ದಿರುತ್ತೆ, ಯಾರ ಮನೇಲಿ ಆಗಲ್ಲ?"

"ಮನೆ ಅಂದ್ಮೇಲೆ ಆಗುತ್ತಪ್ಪ," ಎಂದ ಕಾರ್ಯದರ್ಶಿ ದರ್ಜಿ. ಯಾರೋ ಬೆನ್ನು ತಟ್ಟಿದರು. ಯಾರೋ ಆ ಅಂಗಿ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು ಎಂದರು, ಎಲ್ಲರೂ ನಕ್ಕರು. ಬೆಳಿಗ್ಗೆ ಒಂದು ಸಂಸಾರವನ್ನೇ ಬೀದಿಗೆ ತಳ್ಳುವಷ್ಟು ದೊಡ್ಡದಾಗಿದ್ದ ತಪ್ಪು ನಾಲ್ಕನೇ ಮನೆಗೆ ಬಂದೊಡನೆ ತಮಾಷೆಯಾಗಿತ್ತು. ಥೂ, ಇಂಥವರ ಕ್ಷಮೆಗಿಂತ ಇವರ ಉಗುಳೇ ವಾಸಿ ಎನ್ನಿಸಿತು ಅವನಿಗೆ.

"ಈಗ ವಿಷಯಕ್ಕೆ ಬರೋಣ," ಎಂದರು ಅಧ್ಯಕ್ಷರು. "ಈ ಸಲ ಇವ್ರದ್ದು ಸರಿ. ಹಿಂದಿನ ಎರಡು ಸಲ ಯಾರ್ದು? ಕೊನೆ ಮನೇದೇ ಅಂತ ನನ್ನ ಅಭಿಪ್ರಾಯ. ಖಾಲಿ ಮಾಡ್ಬೇಕು ಅನ್ನೋರು ಕೈ ಎತ್ತಿ."

ಕೈಗಳೆದ್ದವು. ನಿನ್ನೆಯಷ್ಟೇ ಮೊಟ್ಟೆ ಇಸಿದುಕೊಂಡ ಕೈಗಳು. ಹತ್ತು.

"ಬೇಡ ಅನ್ನೋರು?"

ಪ್ಲಂಬರ್ ಕೈ ಎತ್ತಿದ. ತೋಳು ಪೂರ್ತಿ ಚಾಚಿ ಎತ್ತಿದ, ಸಾಲದೆಂಬಂತೆ ಎದ್ದೂ ನಿಂತ. ಕೋಳಿಯಕ್ಕ ಅವನನ್ನೇ ನೋಡುತ್ತಿದ್ದಳು.

ಅಧ್ಯಕ್ಷರು ಅವಸರವೇನೂ ಮಾಡದೆ ದರ್ಜಿಯ ಕಡೆ ತಿರುಗಿದರು. "ಏಳನೇ ನಿಯಮ ಸ್ವಲ್ಪ ಓದಿ."

ದರ್ಜಿ ಕನ್ನಡಕ ಏರಿಸಿ ಓದಿದ: "ಸಭೆಯ ಮುಂದಿರುವ ತಪ್ಪಿನಲ್ಲಿ ಯಾವ ಮನೆಯ ಪಾಲಿದೆಯೋ ಆ ಮನೆಗೆ ಆ ವಿಷಯದಲ್ಲಿ ಮತವಿಲ್ಲ."

"ಪೈಪಿನ ವಿಷ್ಯ, ನಿಮ್ದೂ ಪಾಲಿದೆ ಅಂತ ಈಗ ನೀವೇ ಹೇಳಿದ್ರಿ," ಎಂದರು ಅಧ್ಯಕ್ಷರು, ದನಿಯಲ್ಲಿ ಜೇನು ಸುರಿಸುತ್ತ. "ನಿಮ್ಮ ಕೈ ಲೆಕ್ಕಕ್ಕಿಲ್ಲ. ಆ ಯಮ್ಮಂದೂ ಇಲ್ಲ. ಉಳಿದೋರೆಲ್ಲ ಒಪ್ಪಿದ್ದಾರೆ. ಒಂದು ತಿಂಗಳ ಗಡುವು, ಬರ್ಕೊಳ್ಳಿ."

"ಆಗ್ಲೇ ಏನೂ ಅಲ್ಲ ಅಂದ್ರಲ್ಲ," ಎಂದ ಪ್ಲಂಬರ್. ಅವನ ದನಿ ಅವನಿಗೇ ಕೇಳಿಸಲಿಲ್ಲ. ಕುರ್ಚಿಗಳು ಸರಿಯುತ್ತಿದ್ದವು. ಬಾಗಿಲ ಹೊರಗೆ ಆಗಲೇ ಯಾರೋ ಬಾಮೈದನ ಸಾಮಾನಿಗೆ ಗಾಡಿಯ ವಿಷಯ ಮಾತಾಡುತ್ತಿದ್ದರು.

ಅಂಗಳದಲ್ಲಿ ಕೋಳಿಯಕ್ಕ ಅವನಿಗಾಗಿ ಕಾದು ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

"ಯಾಕಣ್ಣ ಹೇಳಕ್ಕೆ ಹೋದ್ರಿ?"

"ನಿನ್ನ ಮೇಲೆ ಸುಳ್ಳು ಹೊರಿಸ್ತಿದ್ರಲ್ಲಮ್ಮ. ನಿನ್ನ ಮರ್ಯಾದೆ ಉಳೀಲಿ ಅಂತ."

"ಗೂಡು ತೊಳೆಯೋಳಿಗೆ ಇವ್ರ ಹತ್ರ ಎಂಥ ಮರ್ಯಾದೆ ಅಣ್ಣ? ನಾನು ನಂಬ್ಕೊಂಡಿದ್ದು ನಿಮ್ಮ ಆ ಒಂದು ಕೈನ." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮರ್ಯಾದೆ ಹಾಸಿ ನಮ್ಮತ್ತೇನ ಎಲ್ಲಿ ಮಲಗಿಸ್ಲಿ, ಹೇಳಿ."

ಅವಳು ಅತ್ತೆಗೆ ಗಂಜಿ ಕುಡಿಸುವ ಹೊತ್ತಾಯಿತೆಂದು ಸಾಲಿನ ಕೊನೆಗೆ ನಡೆದಳು.